ಬೆಂಗಳೂರು ನೀಲಿ ದ್ರಾಕ್ಷಿಯ ವೈನ್ ಕುಡಿದರೆ ಕಣ್ಣು ಹೋಗುತ್ತದೆಯೇ? ಯುರೋಪ್ ಇದನ್ನು ನಿಷೇಧಿಸಿದ್ದೇಕೆ?

"ಎಚ್ಚರ! ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡಿದ ವೈನ್ ಯುರೋಪಿನಲ್ಲಿ ಬ್ಯಾನ್. ಇದರಲ್ಲಿ ಮೆಥನಾಲ್ ಎಂಬ ವಿಷವಿದೆ. ಕುಡಿದರೆ ಕಣ್ಣು ಹೋಗುತ್ತದೆ, ಹುಚ್ಚು ಹಿಡಿಯುತ್ತದೆ. ಎಲ್ಲರಿಗೂ ತಿಳಿಸಿ." ಓದುಗರೊಬ್ಬರು ಈ ಫಾರ್ವರ್ಡ್ ಕಳುಹಿಸಿ ನಿಜವೇ ಎಂದು ಕೇಳಿದ್ದಾರೆ. ಅವರ ಮನೆಯಲ್ಲಿ ಪ್ರತಿ ಕ್ರಿಸ್‌ಮಸ್‌ಗೆ ಅಜ್ಜಿ ಭರಣಿಯಲ್ಲಿ ಇದೇ ದ್ರಾಕ್ಷಿಯ ವೈನ್ ಹಾಕುತ್ತಾರಂತೆ. ಈ ಸಂದೇಶ ನೋಡಿದ ಮೇಲೆ ಅಜ್ಜಿ ಭರಣಿ ಮುಟ್ಟಿಲ್ಲ. ತಮಾಷೆ ಎಂದರೆ ಅದೇ ಫ್ಯಾಮಿಲಿ ಗ್ರೂಪಿನಲ್ಲಿ ಇನ್ನೊಂದು ಫಾರ್ವರ್ಡ್ ಕೂಡ ಇದೆ: "ದಿನಾ ಒಂದು ಲೋಟ ರೆಡ್ ವೈನ್ ಕುಡಿದರೆ ಹೃದಯಕ್ಕೆ ಒಳ್ಳೆಯದು, ರಕ್ತ ಹೆಚ್ಚುತ್ತದೆ."

ಒಂದು ಸಂದೇಶದ ಪ್ರಕಾರ ವೈನ್ ವಿಷ, ಇನ್ನೊಂದರ ಪ್ರಕಾರ ಔಷಧಿ. ನಾವು ಎರಡನ್ನೂ ಪರಿಶೀಲಿಸಿದೆವು. ಎರಡೂ ತಪ್ಪು. ಆದರೆ ಮೊದಲನೆಯದರಲ್ಲಿ ಒಂದು ಎಳೆ ಸತ್ಯ ಇದೆ, ಅದರ ಕಥೆ ಸ್ವಾರಸ್ಯವಾಗಿದೆ.

ಇದು ಯಾವ ದ್ರಾಕ್ಷಿ?

ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹೋದವರು ರಸ್ತೆ ಬದಿಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವುದನ್ನು ನೋಡಿರುತ್ತೀರಿ. ಗುಂಡಗೆ, ಕಡು ನೇರಳೆ ಬಣ್ಣ, ಮೇಲೆ ಬೂದಿ ಸವರಿದಂತೆ ಬಿಳಿ ಪುಡಿ. ಒಳಗೆ ಬೀಜ. ಬಾಯಿಗೆ ಹಾಕಿ ಒತ್ತಿದರೆ ತಿರುಳು ಪುಳಕ್ಕೆಂದು ಸಿಪ್ಪೆಯಿಂದ ಜಾರಿ ಬರುತ್ತದೆ. ಜನರ ಬಾಯಲ್ಲಿ ಬರೀ 'ಕಪ್ಪು ದ್ರಾಕ್ಷಿ' ಅಥವಾ 'ಬೀಜದ ದ್ರಾಕ್ಷಿ'. ಕಾಗದದ ಮೇಲೆ ಬೆಂಗಳೂರು ಬ್ಲೂ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ, ಅಂದರೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ.

ಹೆಸರು ಬೆಂಗಳೂರಿನದಾದರೂ ತವರು ಅಮೆರಿಕ. ಅಲ್ಲಿ ಇದರ ಹೆಸರು ಇಸಬೆಲ್ಲಾ. 1816ರ ಸುಮಾರಿಗೆ ನ್ಯೂಯಾರ್ಕ್ ಬಳಿಯ ನರ್ಸರಿ ಮಾಲೀಕ ವಿಲಿಯಂ ಪ್ರಿನ್ಸ್ ಇದನ್ನು ಪ್ರಚಾರಕ್ಕೆ ತಂದರು. ಇಸಬೆಲ್ಲಾ ಗಿಬ್ಸ್ ಎಂಬ ಮಹಿಳೆಯ ಹೆಸರನ್ನೇ ಬಳ್ಳಿಗೆ ಇಟ್ಟರು. ಅಲ್ಲಿಂದ ಯುರೋಪ್, ಬ್ರೆಜಿಲ್, ಕಪ್ಪು ಸಮುದ್ರದ ದಡ ಎಂದು ಸುತ್ತಾಡಿ, ಬ್ರಿಟಿಷರ ಕಾಲದಲ್ಲಿ ನಮ್ಮ ಕೆಂಪು ಮಣ್ಣಿಗೂ ಬಂತು. ಇಲ್ಲಿ ಚಪ್ಪರದ ಮೇಲೆ ಹಬ್ಬಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಬೇರೆ ಕಡೆಯ ಹೆಚ್ಚಿನ ದ್ರಾಕ್ಷಿಗಳು ಕೊಡುವುದು ಒಂದೇ. ಬೆಂಗಳೂರಿನ ಸುತ್ತಲಿನ ಹದವಾದ ಹವೆಯ ಲಾಭ ಅದು.

ಪ್ರಪಂಚದ ಹೆಸರಾಂತ ವೈನ್‌ಗಳು ಬಹುತೇಕ 'ವೈಟಿಸ್ ವೈನಿಫೆರಾ' ಎಂಬ ಜಾತಿಯ ದ್ರಾಕ್ಷಿಯವು. ಕ್ಯಾಬರ್ನೆ, ಶಿರಾಜ್ ಎಲ್ಲಾ ಅದೇ ಕುಟುಂಬ. ನಂದಿ ಬೆಟ್ಟದ ತಪ್ಪಲಲ್ಲಿ ಇಂಥ ಫ್ರೆಂಚ್ ತಳಿಗಳನ್ನು ಬೆಳೆಸುವ ವೈನರಿಗಳೂ ಇವೆ. ಬೆಂಗಳೂರು ಬ್ಲೂ ಮಾತ್ರ 'ವೈಟಿಸ್ ಲ್ಯಾಬ್ರುಸ್ಕಾ' ಎಂಬ ಅಮೆರಿಕದ ಕಾಡು ದ್ರಾಕ್ಷಿಯ ರಕ್ತ ಹೆಚ್ಚಾಗಿರುವ ಮಿಶ್ರತಳಿ. ಹಾಗಾಗಿ ಅದರ ವಾಸನೆಯೇ ಬೇರೆ. ಚಿಕ್ಕಂದಿನಲ್ಲಿ ತಿಂದ ನೇರಳೆ ಬಣ್ಣದ 'ಗ್ರೇಪ್' ಪೆಪ್ಪರ್‌ಮಿಂಟ್, ಚ್ಯೂಯಿಂಗ್ ಗಮ್ ನೆನಪಿದೆಯೇ? ಆ ಘಮ ಬರುವುದು ಮಿಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕದಿಂದ. ಲ್ಯಾಬ್ರುಸ್ಕಾ ಬಳಗದ ದ್ರಾಕ್ಷಿಗಳಲ್ಲಿ ಅದು ಸಹಜವಾಗಿಯೇ ಇರುತ್ತದೆ. ನಮಗೆ ಹಿತವಾದ ಈ ವಾಸನೆ ಹಕ್ಕಿಗಳಿಗೆ ಆಗುವುದಿಲ್ಲ. ಬೆಳೆಗೆ ಬರುವ ಹಕ್ಕಿ ಓಡಿಸುವ ಸಿಂಪಡಣೆಗೂ ಇದೇ ರಾಸಾಯನಿಕ ಬಳಸುತ್ತಾರೆ.

ವೈನ್ ರುಚಿ ನೋಡುವುದೇ ವೃತ್ತಿಯಾಗಿರುವವರು ಈ ವಾಸನೆಗೆ 'ನರಿ ವಾಸನೆ' ಎಂದು ಹೆಸರಿಟ್ಟು ಮೂಗು ಮುರಿಯುತ್ತಾರೆ. ಇಟಲಿಯ ಹಳ್ಳಿಗರು ಮಾತ್ರ ಇದೇ ಹಣ್ಣನ್ನು ಸ್ಟ್ರಾಬೆರಿ ದ್ರಾಕ್ಷಿ ಎಂದು ಕರೆದು, ಅದರ ವೈನ್‌ಗೆ 'ಫ್ರಾಗೊಲಿನೊ' ಎಂದು ಪ್ರೀತಿಯ ಹೆಸರಿಟ್ಟಿದ್ದಾರೆ.

ಇದರ ವೈನ್ ಸಾಮಾನ್ಯವಾಗಿ ಸಿಹಿ ಏಕೆ?

ದ್ರಾಕ್ಷಿಯ ಸಕ್ಕರೆಯನ್ನು ಈಸ್ಟ್ ತಿಂದು ಆಲ್ಕೊಹಾಲ್ ಮಾಡುತ್ತದೆ. ಬೆಂಗಳೂರು ಬ್ಲೂ ರಸದಲ್ಲಿ ಕರಗಿರುವ ಸಕ್ಕರೆ ಅಂಶ ಶೇ 16ರಿಂದ 18ರ ಆಸುಪಾಸು. ಅಷ್ಟರಿಂದ ಸಿಗುವ ಆಲ್ಕೊಹಾಲ್ ಶೇ 9-10ರಷ್ಟು ಮಾತ್ರ. ಶೇ 12-13 ಬೇಕಿದ್ದರೆ ಹೆಚ್ಚುವರಿ ಸಕ್ಕರೆ ಹಾಕಬೇಕು. ಹುಳಿಯೂ ಮುಂದಿರುತ್ತದೆ, ಅದನ್ನು ಮುಚ್ಚಲು ಮತ್ತಷ್ಟು ಸಿಹಿ. ಹೀಗಾಗಿ ಈ ದ್ರಾಕ್ಷಿ ಹೆಚ್ಚಾಗಿ ಹೋಗುವುದು ಅಗ್ಗದ ಸಿಹಿ ವೈನ್‌ಗೆ. ನಮ್ಮಲ್ಲಿ 'ಪೋರ್ಟ್' ಎಂದು ಮಾರುವ ವೈನ್‌ಗಳಿಗೂ ಇದನ್ನು ಬಳಸುತ್ತಾರೆ. ಅಸಲಿ ಪೋರ್ಟ್ ಪೋರ್ಚುಗಲ್ ದೇಶದ ಡೌರೊ ಕಣಿವೆಯದು, ಅದಕ್ಕೂ ನಮ್ಮ ಬಾಟಲಿಗೂ ಸಂಬಂಧ ಹೆಸರಿನಲ್ಲಿ ಮಾತ್ರ. ಉಳಿದ ಹಣ್ಣು ಜ್ಯೂಸ್, ಜಾಮ್‌ಗೆ.

ಹಾಗಾದರೆ ಯುರೋಪ್ ನಿಷೇಧಿಸಿದ್ದು ನಿಜವೇ?

ಇದೇ ಆ ಒಂದು ಎಳೆ ಸತ್ಯ. ಹೌದು, ಫ್ರಾನ್ಸ್ 1934ರ ಕೊನೆಯಲ್ಲಿ ಕಾನೂನು ತಂದು ಆರು ತಳಿಗಳ ವೈನ್ ಮಾರಾಟಕ್ಕೆ ತಡೆ ಹಾಕಿತು. ಇಸಬೆಲ್ಲಾ, ನೋವಾ, ಒಥೆಲ್ಲೊ, ಕ್ಲಿಂಟನ್, ಜಾಕೆ, ಎರ್ಬೆಮೊಂ. ಆರೂ ಅಮೆರಿಕ ಮೂಲದ ತಳಿಗಳು. ಯುರೋಪಿಯನ್ ಒಕ್ಕೂಟದ ವೈನ್ ನಿಯಮಗಳಲ್ಲೂ ಆ ತಡೆ ಮುಂದುವರಿಯಿತು.

ಆದರೆ ಕಾರಣ ವಿಷ ಅಲ್ಲ, ಮಾರುಕಟ್ಟೆ. 1860ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಸಣ್ಣ ಕೀಟ ಅಮೆರಿಕದಿಂದ ಫ್ರಾನ್ಸಿಗೆ ಬಂತು. ಕೆಲವೇ ದಶಕಗಳಲ್ಲಿ ಅಲ್ಲಿನ ದ್ರಾಕ್ಷಿ ತೋಟಗಳ ದೊಡ್ಡ ಪಾಲು ಒಣಗಿತು. ಕೀಟ ಬಂದ ಊರಿನ ಬಳ್ಳಿಗಳಿಗೆ ಆ ಕೀಟ ತಡೆದುಕೊಳ್ಳುವ ಶಕ್ತಿ ಸ್ವಲ್ಪವಾದರೂ ಇತ್ತು. ಬೂಷ್ಟು ರೋಗವನ್ನೂ ಅವು ತಡೆದುಕೊಳ್ಳುತ್ತಿದ್ದವು. ಔಷಧಿ ಹೊಡೆಯಲು ದುಡ್ಡಿಲ್ಲದ ಸಣ್ಣ ರೈತರು ಅವನ್ನೇ ನೆಟ್ಟರು. ನಂತರ ಯುರೋಪಿನ ಹಳೆಯ ತಳಿಗಳನ್ನು ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟುವ ವಿದ್ಯೆ ಕೈಹಿಡಿಯಿತು, ತೋಟಗಳು ಮತ್ತೆ ಎದ್ದವು. 1930ರ ಹೊತ್ತಿಗೆ ವೈನ್ ಎಷ್ಟು ಹೆಚ್ಚಾಯಿತೆಂದರೆ ಕೇಳುವವರಿಲ್ಲ, ಬೆಲೆ ಕುಸಿಯಿತು. ಉತ್ಪಾದನೆ ತಗ್ಗಿಸಲೇಬೇಕಿತ್ತು. ಯಾರ ತೋಟಕ್ಕೆ ಕತ್ತರಿ? ದೊಡ್ಡ ಹೆಸರಿನ ವೈನ್‌ಗಳ ತೋಟಕ್ಕಂತೂ ಅಲ್ಲ. ಹಿತ್ತಲಲ್ಲಿ ತಾನೇ ಬೆಳೆಯುವ ಬಡವರ ಬಳ್ಳಿಗೆ.

ಬರೀ 'ರುಚಿ ಚೆನ್ನಾಗಿಲ್ಲ' ಎಂದರೆ ರೈತ ಬಳ್ಳಿ ಕೀಳುತ್ತಾನೆಯೇ? ಇಲ್ಲ. ಮಾರುವುದು ನಿಂತರೂ ಮನೆ ಬಳಕೆಗೆ ಬೆಳೆಯುತ್ತಲೇ ಇದ್ದರು. ಆಗ ಈ ವೈನ್ ಕುಡಿದರೆ ಹುಚ್ಚು ಹಿಡಿಯುತ್ತದೆ, ಮೆಥನಾಲ್ ಇದೆ ಎಂಬ ಮಾತು ಜೋರಾಯಿತು. ನಮಗೆ ಬಂದ ಫಾರ್ವರ್ಡ್ ಇದೇ ಹಳೆಯ ಪ್ರಚಾರದ ಮೊಮ್ಮಗು ಎಂದರೆ ತಪ್ಪಿಲ್ಲ. ವಾಟ್ಸಾಪ್ ಹುಟ್ಟುವ ಮೊದಲೇ ಹುಟ್ಟಿದ ವಾಟ್ಸಾಪ್ ಫಾರ್ವರ್ಡ್!

ಅಷ್ಟು ಅಪಾಯಕಾರಿಯಾಗಿದ್ದರೆ ಬ್ರೆಜಿಲ್ ಕಥೆ ಏನಾಗಬೇಕಿತ್ತು ನೋಡಿ. ಅಲ್ಲಿ ಅತಿ ಹೆಚ್ಚು ಬೆಳೆಯುವ ದ್ರಾಕ್ಷಿಗಳಲ್ಲಿ ಇಸಬೆಲ್ಲಾ ಒಂದು. ದಿನಬಳಕೆಯ ವೈನ್ ಮತ್ತು ಜ್ಯೂಸ್ ಅದರದ್ದೇ. ಯುರೋಪಿನ ಒಳಗೇ ಆಸ್ಟ್ರಿಯಾದ ದಕ್ಷಿಣ ಬುರ್ಗೆನ್‌ಲಾಂಡ್‌ನಲ್ಲಿ 'ಊಹೂಡ್ಲರ್' ಎಂಬ ವೈನ್ ಇದೇ ಬಳಗದ ತಳಿಗಳಿಂದ ಮಾಡುತ್ತಾರೆ. ಅದನ್ನೂ ಹಿಂದೆ ನಿಷೇಧಿಸಿದ್ದರು, 1992ರಲ್ಲಿ ಮಾರಾಟಕ್ಕೆ ಅನುಮತಿ ಸಿಕ್ಕಿತು. ಈಗ ಅದು ಆ ಊರಿನ ಹೆಮ್ಮೆ, ಪ್ರವಾಸಿಗರು ಹುಡುಕಿಕೊಂಡು ಹೋಗಿ ಕುಡಿಯುತ್ತಾರೆ.

ಮೆಥನಾಲ್ ಇರುವುದಂತೂ ಸುಳ್ಳಲ್ಲ ತಾನೇ?

ಸುಳ್ಳಲ್ಲ. ಎಷ್ಟಿದೆ ಎಂಬುದೇ ಪ್ರಶ್ನೆ.

ಹಣ್ಣಿನ ಸಿಪ್ಪೆ, ತಿರುಳಿನಲ್ಲಿ ಪೆಕ್ಟಿನ್ ಎಂಬ ಅಂಟು ಪದಾರ್ಥ ಇರುತ್ತದೆ. ಹಣ್ಣನ್ನು ಕಿವುಚಿ ಹುದುಗಲು ಬಿಟ್ಟಾಗ ಹಣ್ಣಿನಲ್ಲೇ ಇರುವ ಕಿಣ್ವಗಳು ಪೆಕ್ಟಿನ್ ಒಡೆಯುತ್ತವೆ, ಆಗ ಚೂರು ಮೆಥನಾಲ್ ಬಿಡುಗಡೆಯಾಗುತ್ತದೆ. ರೆಡ್ ವೈನ್ ಸಿಪ್ಪೆ ಸಮೇತ ಹುದುಗುವುದರಿಂದ ವೈಟ್ ವೈನ್‌ಗಿಂತ ಅದರಲ್ಲಿ ಹೆಚ್ಚು. ಲ್ಯಾಬ್ರುಸ್ಕಾ ದ್ರಾಕ್ಷಿಯಲ್ಲಿ ಪೆಕ್ಟಿನ್ ಜಾಸ್ತಿ, ಹಾಗಾಗಿ ಅದರ ವೈನ್‌ನಲ್ಲಿ ಮತ್ತೂ ಒಂದು ಹಿಡಿ ಹೆಚ್ಚು. ಟೊಮ್ಯಾಟೊ ರಸ, ಕಿತ್ತಳೆ ರಸದಲ್ಲೂ ಇದೇ ಕಾರಣಕ್ಕೆ ಸ್ವಲ್ಪ ಮೆಥನಾಲ್ ಇರುತ್ತದೆ. ಅದನ್ನು ಕುಡಿದು ಯಾರೂ ಕುರುಡಾಗಿಲ್ಲ.

ಲೆಕ್ಕ ಹಾಕೋಣ. ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆ ರೆಡ್ ವೈನ್‌ಗೆ ಇಟ್ಟಿರುವ ಮಿತಿ ಲೀಟರಿಗೆ 400 ಮಿಲಿಗ್ರಾಂ ಮೆಥನಾಲ್. ಅಂದರೆ ಸುಮಾರು ಅರ್ಧ ಮಿಲಿಲೀಟರ್. ಶುದ್ಧ ಮೆಥನಾಲ್ 10 ಮಿಲಿಲೀಟರ್‌ನಷ್ಟು ಹೊಟ್ಟೆಗೆ ಹೋದರೂ ದೃಷ್ಟಿ ಹೋಗಬಹುದು, 30 ಮಿಲಿಲೀಟರ್ ಆಸುಪಾಸಿನಲ್ಲಿ ಜೀವವೇ ಹೋಗಬಹುದು ಎನ್ನುತ್ತದೆ ವೈದ್ಯಕೀಯ ಸಾಹಿತ್ಯ. ಮಿತಿಯ ಅಂಚಿನಲ್ಲಿರುವ ವೈನ್‌ನಿಂದ 10 ಮಿಲಿಲೀಟರ್ ಮೆಥನಾಲ್ ಸಿಗಬೇಕಾದರೆ 20 ಲೀಟರ್ ಕುಡಿಯಬೇಕು. ಸುಮಾರು 27 ಬಾಟಲಿ! ಅಷ್ಟರಲ್ಲಿ ಎರಡು ಲೀಟರಿಗೂ ಹೆಚ್ಚು ಶುದ್ಧ ಎಥನಾಲ್, ಅಂದರೆ ಮಾಮೂಲಿ ಆಲ್ಕೊಹಾಲ್, ಇರುತ್ತದೆ. ಮನುಷ್ಯ ಅದಕ್ಕೇ ಮೊದಲು ಬಲಿಯಾಗುತ್ತಾನೆ. ಮಿತಿಯ ಎರಡರಷ್ಟು ಮೆಥನಾಲ್ ಇದೆ ಎಂದುಕೊಂಡರೂ ಲೆಕ್ಕ 10 ಲೀಟರಿಗೆ ಇಳಿಯುತ್ತದೆ, ಅಷ್ಟೇ.

ಇನ್ನೊಂದು ವಿಷಯ. ಮೆಥನಾಲ್ ತಾನಾಗಿ ಅಷ್ಟು ವಿಷವಲ್ಲ. ಲಿವರ್ ಅದನ್ನು ಒಡೆದಾಗ ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ ಆಗುತ್ತದೆ. ಕಣ್ಣಿನ ನರಕ್ಕೆ ಪೆಟ್ಟು ಕೊಡುವುದು ಆ ಆಮ್ಲ. ಎಥನಾಲ್ ಜೊತೆಗಿದ್ದರೆ ಲಿವರ್‌ನ ಕಿಣ್ವ ಮೊದಲು ಅದನ್ನೇ ಹಿಡಿದುಕೊಳ್ಳುತ್ತದೆ, ಮೆಥನಾಲ್ ಒಡೆಯುವುದು ನಿಧಾನವಾಗುತ್ತದೆ. ಆಸ್ಪತ್ರೆಗಳಲ್ಲಿ ಮೆಥನಾಲ್ ವಿಷಕ್ಕೆ ಫೊಮೆಪಿಜೋಲ್ ಎಂಬ ಔಷಧಿ ಸಿಗದಿದ್ದಾಗ ಎಥನಾಲ್ ಕೊಡುವುದು ಇದೇ ತರ್ಕದ ಮೇಲೆ. (ಇದನ್ನು ಓದಿ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಪ್ರಮಾಣ ತಪ್ಪಿದರೆ ಪ್ರಾಣಕ್ಕೆ ಸಂಚಕಾರ.)

ಮೆಥನಾಲ್ ಕೊಂದಿದ್ದು ಎಲ್ಲಿ?

ಮೆಥನಾಲ್ ಭಯವನ್ನು ನಾವು ನಕ್ಕು ತಳ್ಳಿಹಾಕುವಂತಿಲ್ಲ. 1981ರಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಭಾಗದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು. ಸತ್ತವರಲ್ಲಿ ಹೆಚ್ಚಿನವರು ದಿನಗೂಲಿಯವರು, ಅಗ್ಗದ ಪ್ಯಾಕೆಟ್ ಹುಡುಕಿದವರು. ಈ ಯಾವ ಪ್ರಕರಣದಲ್ಲೂ ಮೆಥನಾಲ್ ಹಣ್ಣಿನಿಂದ ಬಂದದ್ದಲ್ಲ. ಕೈಗಾರಿಕೆಗೆ ಬಳಸುವ ಮೆಥನಾಲ್ ಅಥವಾ ಅದು ಬೆರೆತ ಸ್ಪಿರಿಟ್ ಅನ್ನು ಯಾರೋ ಲಾಭಕ್ಕೆ ಸುರಿದದ್ದು.

ವೈನ್‌ನಲ್ಲೂ ಹೀಗಾಗಿದೆ. 1986ರಲ್ಲಿ ಇಟಲಿಯಲ್ಲಿ ಮೆಥನಾಲ್ ಬೆರೆಸಿದ ಅಗ್ಗದ ವೈನ್ ಕುಡಿದು 20ಕ್ಕೂ ಹೆಚ್ಚು ಜನ ಸತ್ತರು, ಹಲವರ ದೃಷ್ಟಿ ಹೋಯಿತು. ಅದು 'ಬಾರ್ಬೆರಾ' ಎಂಬ ಒಳ್ಳೆಯ ವೈನಿಫೆರಾ ದ್ರಾಕ್ಷಿಯ ಹೆಸರಿನಲ್ಲಿ ಮಾರಿದ ವೈನ್, ಇಸಬೆಲ್ಲಾ ಅಲ್ಲವೇ ಅಲ್ಲ. ಆಲ್ಕೊಹಾಲ್ ಪ್ರಮಾಣ ಹೆಚ್ಚಿಸಿ ತೋರಿಸಲು ವ್ಯಾಪಾರಿಗಳೇ ಸುರಿದಿದ್ದರು.

ಆದ್ದರಿಂದ ದ್ರಾಕ್ಷಿ ಯಾವುದು ಎಂದು ಕೇಳುವುದಕ್ಕಿಂತ ಬಾಟಲಿ ಎಲ್ಲಿಂದ ಬಂತು ಎಂದು ಕೇಳುವುದು ಮುಖ್ಯ. ಬಣ್ಣ, ವಾಸನೆ, ರುಚಿ ನೋಡಿ ಮೆಥನಾಲ್ ಪತ್ತೆ ಮಾಡಲು ಆಗುವುದಿಲ್ಲ. ಬೆಂಕಿ ಹಚ್ಚಿ ಜ್ವಾಲೆಯ ಬಣ್ಣ ನೋಡಿ ಎನ್ನುವ ವಿಡಿಯೊಗಳನ್ನೂ ನಂಬಬೇಡಿ. ಲೇಬಲ್, ಅಬಕಾರಿ ಗುರುತು ಇಲ್ಲದ ಮದ್ಯ ಕುಡಿದವರಿಗೆ ಕೆಲವು ಗಂಟೆಗಳ ನಂತರ, ಕೆಲವೊಮ್ಮೆ ಮಾರನೆಯ ದಿನ, ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣು ಮಂಜಾಗುವುದು ಶುರುವಾದರೆ 'ನಶೆ ಇಳಿಯಲಿ' ಎಂದು ಮಲಗಿಸಬೇಡಿ. 108ಕ್ಕೆ ಕರೆ ಮಾಡಿ. ಏನು ಕುಡಿದರು ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ. ಪೊಲೀಸ್ ಭಯಕ್ಕೆ ಮುಚ್ಚಿಟ್ಟು ತಡ ಮಾಡಿದರೆ ಕಣ್ಣಷ್ಟೇ ಅಲ್ಲ, ಜೀವವೂ ಹೋಗಬಹುದು.

ಅಜ್ಜಿಯ ಭರಣಿ ಏನು ಮಾಡೋಣ?

ಸ್ವಚ್ಛವಾದ ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಈಸ್ಟ್, ಸ್ವಲ್ಪ ಗೋಧಿ, ಚಕ್ಕೆ ಲವಂಗ ಹಾಕಿ ಹುದುಗಿಸಿದರೆ ಅಪಾಯದ ಮಟ್ಟದ ಮೆಥನಾಲ್ ಬರುವುದಿಲ್ಲ. ನಿಜವಾದ ತೊಂದರೆಗಳು ಬೇರೆ. ಬಾಯಿ ಬಿಗಿಯಾಗಿ ಮುಚ್ಚಿದ ಗಾಜಿನ ಬಾಟಲಿಯಲ್ಲಿ ಹುದುಗಲು ಬಿಟ್ಟರೆ ಇಂಗಾಲದ ಡೈಆಕ್ಸೈಡ್ ತುಂಬಿ ಬಾಟಲಿ ಸಿಡಿಯಬಹುದು. ಮೇಲೆ ಬೂಷ್ಟು ಕಟ್ಟಿದರೆ ತೆಗೆದು ಸೋಸಿ ಕುಡಿಯುವುದಲ್ಲ, ಚೆಲ್ಲುವುದು. ಹುದುಗಿಸಿದ್ದನ್ನು ಬಟ್ಟಿ ಇಳಿಸುವ ಕೆಲಸಕ್ಕಂತೂ ಕೈ ಹಾಕಲೇಬಾರದು. ಇನ್ನು ಕಾನೂನು: ಪರವಾನಗಿ ಇಲ್ಲದೆ ಮದ್ಯ ತಯಾರಿಸಿ ಮಾರುವುದು ಕರ್ನಾಟಕದ ಅಬಕಾರಿ ಕಾಯ್ದೆಯಡಿ ಅಪರಾಧ. ಇನ್‌ಸ್ಟಾಗ್ರಾಂನಲ್ಲಿ 'ಹೋಮ್‌ಮೇಡ್ ವೈನ್ ಆರ್ಡರ್ ತಗೋತೀವಿ' ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಎರಡನೇ ಫಾರ್ವರ್ಡ್: ಹೃದಯಕ್ಕೆ ಒಳ್ಳೆಯದು, ರಕ್ತ ಹೆಚ್ಚುತ್ತದೆ

ನಮ್ಮ ಅಭಿಪ್ರಾಯದಲ್ಲಿ ಎರಡರಲ್ಲಿ ಹೆಚ್ಚು ಹಾನಿಕರ ಇದು. ಮೊದಲನೆಯದು ಹೆದರಿಸಿ ಕುಡಿಯುವುದನ್ನು ಬಿಡಿಸುತ್ತದೆ, ಇದು ಧೈರ್ಯ ಕೊಟ್ಟು ಕುಡಿಸುತ್ತದೆ.

ಫ್ರೆಂಚರು ಬೆಣ್ಣೆ, ಚೀಸ್ ಅಷ್ಟೊಂದು ತಿಂದರೂ ಅವರಲ್ಲಿ ಹೃದಯಾಘಾತ ಕಡಿಮೆ, ಕಾರಣ ರೆಡ್ ವೈನ್ ಇರಬಹುದು ಎಂದು 1991ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದು ಹೇಳಿತು. ಮರು ವರ್ಷ ವಿಜ್ಞಾನಿ ಸೆರ್ಜ್ ರೆನೊ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದನ್ನೇ ಬರೆದರು. ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಎಂಬ ಪದಾರ್ಥ ಹೀರೊ ಆಯಿತು. ಆದರೆ ವೈನ್‌ನಲ್ಲಿ ಅದು ಲೀಟರಿಗೆ ಕೆಲವೇ ಮಿಲಿಗ್ರಾಂ. ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಕೊಡುವುದು ನೂರಾರು ಮಿಲಿಗ್ರಾಂ. ಲೀಟರಿಗೆ 5 ಮಿಲಿಗ್ರಾಂ ಎಂದು ಹಿಡಿದರೂ 500 ಮಿಲಿಗ್ರಾಂಗೆ 100 ಲೀಟರ್ ವೈನ್ ಬೇಕು! 2014ರಲ್ಲಿ ಇಟಲಿಯ ಕಿಯಾಂತಿ ಪ್ರದೇಶದ 783 ಹಿರಿಯರ ಅಧ್ಯಯನ ಪ್ರಕಟವಾಯಿತು. ಒಂಬತ್ತು ವರ್ಷ ಗಮನಿಸಿದರೂ ದೇಹದಲ್ಲಿ ರೆಸ್ವೆರಟ್ರಾಲ್ ಹೆಚ್ಚಿದ್ದವರು ಹೆಚ್ಚು ಬಾಳಲಿಲ್ಲ, ಹೃದ್ರೋಗವೂ ಕಡಿಮೆ ಇರಲಿಲ್ಲ. ಅದಕ್ಕೂ ಮುನ್ನ, 2012ರಲ್ಲಿ, ರೆಸ್ವೆರಟ್ರಾಲ್ ಗುಣಗಾನ ಮಾಡುತ್ತಿದ್ದ ಅಮೆರಿಕದ ಸಂಶೋಧಕ ದೀಪಕ್ ದಾಸ್ ತಮ್ಮ ಪ್ರಬಂಧಗಳಲ್ಲಿ ದತ್ತಾಂಶ ತಿರುಚಿದ್ದಾರೆಂದು ಅವರದೇ ವಿಶ್ವವಿದ್ಯಾಲಯ ಪ್ರಕಟಿಸಿತ್ತು.

ಹಾಗಾದರೆ 'ಸ್ವಲ್ಪ ಕುಡಿಯುವವರು ಏನೂ ಕುಡಿಯದವರಿಗಿಂತ ಆರೋಗ್ಯವಂತರು' ಎಂಬ ಅಧ್ಯಯನಗಳು? ಕುಡಿಯದವರ ಗುಂಪಿನಲ್ಲಿ ಯಾರಿದ್ದಾರೆ ನೋಡಿ: ಕಾಯಿಲೆ ಬಂದು, ವೈದ್ಯರು ಹೇಳಿದ ಮೇಲೆ ಬಿಟ್ಟವರೂ ಅದರಲ್ಲೇ ಇದ್ದಾರೆ. ಅವರನ್ನು ಸೇರಿಸಿ ಹೋಲಿಸಿದರೆ ಕುಡಿಯುವವರು ಗಟ್ಟಿಮುಟ್ಟಾಗಿ ಕಾಣುವುದು ಸಹಜ. ಆಲ್ಕೊಹಾಲ್ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಪಟ್ಟಿ ಮಾಡಿದೆ. ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣ ಎಂಬುದೇ ಇಲ್ಲ ಎಂದು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಸ್ತನ ಕ್ಯಾನ್ಸರ್ ಅಪಾಯ ಕಡಿಮೆ ಕುಡಿಯುವವರಲ್ಲೂ ಸ್ವಲ್ಪ ಏರುತ್ತದೆ.

ರಕ್ತದ ವಿಷಯಕ್ಕೆ ಬರೋಣ. ಕೆಂಪಗಿದೆ, ಆದ್ದರಿಂದ ರಕ್ತ ಆಗುತ್ತದೆ ಎಂಬ ನಂಬಿಕೆ ಬೀಟ್‌ರೂಟ್‌ನಿಂದ ಹಿಡಿದು ವೈನ್‌ವರೆಗೂ ಇದೆ. ದ್ರಾಕ್ಷಿಯ ಕೆಂಪು ಆಂಥೋಸಯಾನಿನ್ ಎಂಬ ಬಣ್ಣದ್ದು, ರಕ್ತದ ಕೆಂಪು ಕಬ್ಬಿಣ ಇರುವ ಹಿಮೋಗ್ಲೋಬಿನ್‌ನದು. ಎರಡಕ್ಕೂ ಸಂಬಂಧವಿಲ್ಲ. ಊಟದ ಜೊತೆ ಕುಡಿದರೆ ವೈನ್‌ನ ಒಗರು ಪದಾರ್ಥಗಳು ಸೊಪ್ಪು, ಕಾಳಿನಲ್ಲಿರುವ ಕಬ್ಬಿಣವನ್ನು ದೇಹ ಹೀರದಂತೆ ತಡೆಯಬಹುದು, ಚಹಾ ಮಾಡುವಂತೆಯೇ. 'ಮಗು ಬೆಳ್ಳಗೆ ಹುಟ್ಟುತ್ತದೆ', 'ಬಾಣಂತಿಗೆ ಶಕ್ತಿ ಬರುತ್ತದೆ' ಎಂದು ಗರ್ಭಿಣಿಯರಿಗೆ, ಬಾಣಂತಿಯರಿಗೆ ವೈನ್ ಕೊಡುವ ಮನೆಗಳಿವೆ. ದಯವಿಟ್ಟು ಬೇಡ. ತಾಯಿ ಕುಡಿದ ಆಲ್ಕೊಹಾಲ್ ಮಾಸು ದಾಟಿ ಮಗುವಿಗೆ ಹೋಗುತ್ತದೆ, ಮೆದುಳಿನ ಬೆಳವಣಿಗೆಗೆ ಶಾಶ್ವತ ಪೆಟ್ಟು ಕೊಡಬಹುದು. ಎದೆಹಾಲಿಗೂ ಸೇರುತ್ತದೆ. ರಕ್ತ ಕಡಿಮೆ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಕಬ್ಬಿಣದ ಮಾತ್ರೆ ಉಚಿತವಾಗಿ ಸಿಗುತ್ತದೆ.

ದ್ರಾಕ್ಷಿಯನ್ನೇ ದೂರ ಇಡಬೇಕಾ?

ಖಂಡಿತ ಇಲ್ಲ. ವಿಷದ ಫಾರ್ವರ್ಡ್‌ನಿಂದ ಪೆಟ್ಟು ಬೀಳುವುದು ವೈನ್ ಕಂಪನಿಗಿಂತ ಹೆಚ್ಚಾಗಿ ಬೆಳೆಗಾರನಿಗೆ. ಈ ಹಣ್ಣು ಕಿತ್ತ ಮೇಲೆ ಬಹಳ ದಿನ ಇರುವುದಿಲ್ಲ, ಕೊಳ್ಳುವವರು ಹಿಂದೆ ಸರಿದರೆ ಬೆಳೆ ಚಪ್ಪರದಲ್ಲೇ ಕೊಳೆಯುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಬೆಳೆಗಾರರು ಪಟ್ಟ ಪಾಡು ಸುದ್ದಿಯಾಗಿತ್ತು. ಮೊದಲೇ ದೇವನಹಳ್ಳಿ ಸುತ್ತಮುತ್ತ ವಿಮಾನ ನಿಲ್ದಾಣ ಬಂದ ಮೇಲೆ ಚಪ್ಪರ ಇದ್ದಲ್ಲಿ ಲೇಔಟ್ ಎದ್ದಿವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಂಗಳೂರು ಬ್ಲೂ ತಳಿಯನ್ನೇ ತಾಯಿಯಾಗಿಟ್ಟುಕೊಂಡು 'ಅರ್ಕಾ ಶ್ಯಾಮ್', 'ಅರ್ಕಾ ಹಂಸ್' ಎಂಬ ತಳಿಗಳನ್ನೂ ಕೊಟ್ಟಿದೆ.

ತಿನ್ನುವಾಗ ಒಂದು ಮಾತು. ನಮ್ಮಲ್ಲಿ ಹೆಚ್ಚಿನವರು ತಿರುಳು ನುಂಗಿ ಸಿಪ್ಪೆ ಉಗಿಯುತ್ತಾರೆ. ಬಣ್ಣದ ಪದಾರ್ಥಗಳು, ಆ ರೆಸ್ವೆರಟ್ರಾಲ್ ಕೂಡ, ಇರುವುದು ಸಿಪ್ಪೆಯಲ್ಲೇ. ಚೆನ್ನಾಗಿ ತೊಳೆದು ಸಿಪ್ಪೆ ಸಮೇತ ಅಗಿದು ತಿನ್ನಿ. ಶುಗರ್ ಇರುವವರು ಜ್ಯೂಸ್ ಬಿಟ್ಟು ಹಣ್ಣನ್ನೇ, ಅದೂ ಅಳತೆಯಲ್ಲಿ ತಿನ್ನಬೇಕು.

ಅಜ್ಜಿಗೆ ಈ ವರ್ಷ ವೈನ್ ಬೇಡ ಎನಿಸಿದ್ದರೆ ಜಾಮ್ ಮಾಡಬಹುದು. ಸಿಪ್ಪೆ, ತಿರುಳು ಬೇರೆ ಮಾಡಿ, ತಿರುಳು ಬೇಯಿಸಿ, ಬೀಜ ಸೋಸಿ, ಸಿಪ್ಪೆಯನ್ನು ಮತ್ತೆ ಸೇರಿಸಿ ಸಕ್ಕರೆಯೊಂದಿಗೆ ಕುದಿಸಿದರೆ ಸಾಕು. ಅಂಗಡಿಯಿಂದ ಪೆಕ್ಟಿನ್ ಪುಡಿ ತರಬೇಕಿಲ್ಲ. ಯುರೋಪಿನಲ್ಲಿ ಈ ದ್ರಾಕ್ಷಿಗೆ ಕೆಟ್ಟ ಹೆಸರು ತಂದ ಆ ಪೆಕ್ಟಿನ್ನೇ ಜಾಮ್ ಅನ್ನು ತಾನಾಗಿ ಗಟ್ಟಿ ಮಾಡುತ್ತದೆ.